ಸಾಕು ಅಂದವಳು ನಾನಲ್ಲ

ದನಿ ಹೋದವರ ಹತ್ತಿರ ಜನ ಜೋರಾಗಿ ಮಾತಾಡುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮಗೂ ಈ ಗತಿ ಬಂದರೆ, ನಿಮ್ಮ ಕಿವಿಯೇ ಕೆಟ್ಟಿತೇನೋ ಎಂದು ಅನುಮಾನ ಪಡುವುದು ಬೇಡ. ಕಿವಿ ಚೆನ್ನಾಗಿಯೇ ಇರುತ್ತದೆ. ಗಂಟಲಿನ ಆಪರೇಷನ್ ಆಗಿ ನನ್ನ ಬಾಯಿಂದ ಬರೀ ಗಾಳಿ ಹೊರಡುತ್ತಿದ್ದ ತಿಂಗಳುಗಳಲ್ಲಿ ನಮ್ಮ ಓಣಿಯ ಕಿರಾಣಿ ಅಂಗಡಿಯವನು ನನ್ನ ಮುಖದ ಮುಂದೆ ಬಗ್ಗಿ, "ಸಕ್ಕ್ರಿ ಬೇಕಾ, ಸಕ್ಕ್ರಿ" ಎಂದು ಸಂತೆಯಲ್ಲಿ ಕೂಗಿದ ಹಾಗೆ ಕೂಗುತ್ತಿದ್ದ. ಆಮೇಲೆ ಪಕ್ಕದಲ್ಲಿ ನಿಂತವರ ಕಡೆ ತಿರುಗಿ ಮೆಲ್ಲಗೆ, "ಪಾಪ, ಏನೂ ತಿಳಿಯಂಗಿಲ್ಲ ಆಕಿಗೆ" ಅನ್ನುತ್ತಿದ್ದ. ಅದೂ ನನಗೆ ಕೇಳಿಸುತ್ತಿತ್ತು.

ಓದಿದವರಿಗೆ ಸಮಾಧಾನವಾಗಲಿ ಎಂದು ನಾನು ಬರೆಯುತ್ತಿಲ್ಲ. ನನಗೇ ಇನ್ನೂ ಸಮಾಧಾನವಾಗಿಲ್ಲ. ಕತ್ತಿಗೆ ಪಟ್ಟಿ ಸುತ್ತಿಕೊಂಡು, ಬಾಯಿ ಇದ್ದೂ ಮಾತಿಲ್ಲದೆ ಕೂತು, ತನಗೆ ಕೇಳಿದ ಪ್ರಶ್ನೆಗೆ ಬೇರೆಯವರು ಉತ್ತರ ಕೊಡುವುದನ್ನು ನೋಡುತ್ತಾ ಹಲ್ಲು ಕಡಿಯುತ್ತಿರುವವರು ಎಲ್ಲಾದರೂ ಇದ್ದರೆ, ನಾನೂ ಕಡಿದಿದ್ದೆ ಎಂದು ಅವರಿಗೆ ಗೊತ್ತಾಗಲಿ. ಅಷ್ಟೆ.

ನಾನು ಹುಲಿಗೆಮ್ಮ. ಹಗರಿಬೊಮ್ಮನಹಳ್ಳಿಯಲ್ಲಿ ಮನೆ, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ. ಒಂದು ವಾರ ಕೂಡ್ಲಿಗಿ ಕಡೆ, ಒಂದು ವಾರ ಹಡಗಲಿ ಕಡೆ, ಇನ್ನೊಂದು ವಾರ ಕೊಟ್ಟೂರಿನ ಮೇಲೆ ಹಾದು ಹರಪನಹಳ್ಳಿಗೆ. ನನ್ನ ದನಿ ಎಂಥದ್ದಿತ್ತೆಂದರೆ, ನಾನು ಬಸ್‌ ಸ್ಟ್ಯಾಂಡಿನಲ್ಲಿ "ಕೊಟ್ಟೂರ್, ಕೊಟ್ಟೂರ್, ಕೊಟ್ಟೂರ್" ಅಂದರೆ ಆಚೆ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದವರು ತಟ್ಟೆ ಬಿಟ್ಟು ಓಡಿಬರುತ್ತಿದ್ದರು. ಡ್ರೈವರುಗಳು, "ಹುಲಿಗೆವ್ವ ಇದ್ರ ಹಾರ್ನ್ ಬ್ಯಾಡಲೇ" ಎಂದು ತಮಾಷೆ ಮಾಡುತ್ತಿದ್ದರು.

ಆ ದನಿ ದೇವರು ಕೊಟ್ಟದ್ದಿರಬಹುದು. ಮಾತು ಕೊಟ್ಟದ್ದು ಮಾತ್ರ ನನ್ನ ಅತ್ತೆ ದುರುಗಮ್ಮ. ಅವಳು ನನ್ನ ಅಪ್ಪನ ಅಕ್ಕ. ನಾನು ತೊದಲುವ ವಯಸ್ಸಿನಲ್ಲೇ, ತಮ್ಮ ಹುಟ್ಟಿದ ವರ್ಷವೇ, ತಾಯಿ ತೀರಿಕೊಂಡಾಗ ನನ್ನನ್ನು ಕೋಗಳಿಗೆ ಕರೆದುಕೊಂಡು ಹೋಗಿ ಸಾಕಿದಳು, ದೊಡ್ಡವಳಾದ ಮೇಲೆ ತನ್ನ ಮಗನಿಗೇ ತಂದುಕೊಂಡಳು. ಕೋಗಳಿಯ ಹಳೇ ಬಸದಿಯ ಕಲ್ಲಿನ ಮೇಲೆ ಕೂತು ಅವಳೂ ಅವಳ ವಾರಗೆಯ ಮುದುಕಿಯರೂ ಸಂಜೆಯೆಲ್ಲ ಮಾತಾಡುತ್ತಿದ್ದರು. ಯಾರ ಮನೆಯ ಎಮ್ಮೆ ಯಾರ ಹೊಲ ಹೊಕ್ಕಿತು ಎಂಬುದನ್ನೂ ಅವರು ರಾಜರ ಕಥೆಯ ಹಾಗೆ ಹೇಳುವರು. ನಾನು ಮಾತು ಕಲಿತದ್ದು ಅಲ್ಲಿ. ಈಗ ನನ್ನ ಗಂಡನಿಲ್ಲ, ಅವನು ಗೋಡೆಗೆ ಹಾಕಿದ ಬುದ್ಧನ ಫೋಟೊ ಇದೆ. ಅತ್ತೆಗೆ ವಯಸ್ಸಾಗಿ ಕಿವಿ ಪೂರ್ತಿ ಹೋಗಿದೆ, ಬಾಯಿ ಹೋಗಿಲ್ಲ.

ನಮ್ಮ ಮನೆಗೆ ಚಂದ್ರಿ ಬಂದದ್ದು ಎಸ್ತೇರಕ್ಕನಿಂದ. ಎಸ್ತೇರಮ್ಮ ಅಂಗನವಾಡಿ ಟೀಚರಾಗಿ ನಿವೃತ್ತರಾದವರು. ಚರ್ಚಿನ ಕೆಲವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಬೇರೆಯವರ ಮಕ್ಕಳನ್ನು ಸಾಕುತ್ತಿರುವ ಮನೆಗಳಿಗೂ, ನೋಡಿಕೊಳ್ಳಲು ಕೈ ಸಾಲದ ಮುದುಕರ ಮನೆಗಳಿಗೂ ಹೋಗಿಬರುವುದು ಅವರ ಕೆಲಸ. ಜಾತಿ ಮತ ಕೇಳುವುದಿಲ್ಲ. ಎಸ್ತೇರಕ್ಕನ ಚೀಲದಲ್ಲಿ ಮಕ್ಕಳ ಬಣ್ಣದ ಪೆನ್ಸಿಲೂ ಮುದುಕರ ಉಗುರು ಕತ್ತರಿಸುವ ಕಟರೂ ಒಟ್ಟಿಗೇ ಇರುತ್ತವೆ. ಮೊದಮೊದಲು ಅವರು ಬಂದದ್ದು ಅತ್ತೆಗಾಗಿ. ನಾನು ಡ್ಯೂಟಿಗೆ ಹೋದಾಗ ಮುದುಕಿ ಒಬ್ಬಳೇ ಇರುತ್ತಾಳೆಂದು ಯಾರೋ ಹೇಳಿದ್ದರಂತೆ. ಉಗುರು ಕತ್ತರಿಸಿ, ತಲೆಗೆ ಎಣ್ಣೆ ಹಚ್ಚಿ, ಹೊರಡುವ ಮುಂಚೆ ಕಣ್ಣು ಮುಚ್ಚಿ ದೊಡ್ಡ ದನಿಯಲ್ಲಿ ಪ್ರಾರ್ಥನೆ ಮಾಡುವರು. ಅತ್ತೆಗೆ ಕೇಳಿಸುವುದಿಲ್ಲವಲ್ಲ, ಎಸ್ತೇರಕ್ಕನ ಅಲ್ಲಾಡುವ ಬಾಯಿಯನ್ನೂ ಗಂಟಿಕ್ಕಿದ ಹುಬ್ಬನ್ನೂ ನೋಡಿ, "ಯಾರ ಮ್ಯಾಲ ಸಿಟ್ಟು ಮಾಡ್ಕೊಂಡಾಳ ಬೇ ಇಕಿ, ನಾ ಏನ್ ಮಾಡೀನಿ" ಎಂದು ನನ್ನನ್ನು ಕೇಳಿದ್ದಳು.

ಒಂದು ಸಲ ಎಸ್ತೇರಕ್ಕ ಚಹಾ ಕುಡಿಯುತ್ತಾ ಹೇಳಿದರು. "ಹಲವಾಗಲ ಕಡಿ ಹುಡುಗಿ ಒಂದೈತಿ ಹುಲಿಗೆವ್ವ. ತಾಯಿ ಜ್ವರದಾಗ ಹೋದ್ಲು, ಅಪ್ಪ ಎಲ್ಲಿ ಅದಾನೋ ಯಾರಿಗೂ ಗೊತ್ತಿಲ್ಲ. ದತ್ತು ಅಲ್ಲ, ಸಾಕೋದು. ಮಕ್ಕಳ ಕಲ್ಯಾಣ ಸಮಿತಿಯವರು ಆಗಾಗ ಬಂದು ನೋಡ್ತಾರ. ನಿನ್ನಂಥ ಮನಿ ಬೇಕು."

"ನಾ ದಿನಾ ರೋಡಿನ ಮ್ಯಾಲ ಇರಾಕಿ ಎಸ್ತೇರಕ್ಕ."

"ನಿನ್ನನ್ನ ಸಾಕಿದಾಕಿ ಮನ್ಯಾಗ ಅದಾಳಲ್ಲ," ಎಂದು ಅತ್ತೆಯ ಕಡೆ ತೋರಿಸಿದರು. ನನ್ನ ಬಾಯಿ ಮುಚ್ಚಿಸಿದರು ಆವತ್ತು. ಅದೇ ಮೊದಲ ಸಲ ಅಂತ ಕಾಣುತ್ತದೆ.

ಚಂದ್ರಿ ಬಂದಳು. ತೆಳ್ಳಗೆ, ಕಣ್ಣು ಮಾತ್ರ ದೊಡ್ಡವು, ಮಾತು ಕಮ್ಮಿ. ನನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ ಸ್ವಲ್ಪ ದಿನ ಏನೂ ಕರೆಯಲಿಲ್ಲ, ಆಮೇಲೆ ತಾನೇ "ಕಂಡಕ್ಟ್ರವ್ವ" ಎಂದು ಇಟ್ಟುಕೊಂಡಳು. ಶಾಲೆಗೆ ರಜೆಯಿದ್ದಾಗ ನನ್ನ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ಬರುತ್ತಿದ್ದಳು. ಬಸ್ಸಿನ ಭಾಷೆ ಬೇಗ ಕಲಿತಳು. ನಮ್ಮಲ್ಲಿ ಬಸ್ಸಿನ ಮೈಗೆ ಕೈಯಿಂದ ಒಂದು ಸಲ ಬಡಿದರೆ ಹೋಲ್ಡಾನ್, ನಿಲ್ಲಿಸು. ಎರಡು ಸಲ ಬಡಿದರೆ ರೈಟ್, ಹೊರಡು. ಮನೆಯಲ್ಲೂ ಅದೇ ಆಟ ಶುರುವಾಯಿತು. ಶಾಲೆಗೆ ಹೊರಟವಳ ಹಿಂದೆ ನಾನು ಬಾಗಿಲನ್ನು ಎರಡು ಸಲ ಬಡಿದು "ರೈಟ್" ಅನ್ನಬೇಕು, ಇಲ್ಲವಾದರೆ ಹೊಸ್ತಿಲು ದಾಟುತ್ತಿರಲಿಲ್ಲ.

ಓಣಿಯಲ್ಲಿ ಮಾತಾಯಿತು. "ಹುಲಿಗೆವ್ವ ಯೇಸುಗೆ ಸೇರ್ಯಾಳ, ಅದಕ್ಕ ಹುಡುಗಿ ಕೊಟ್ಟಾರ." ನಮ್ಮ ಮನೆಯಲ್ಲಿ ಗೋಡೆಗೆ ಬುದ್ಧ, ಗೂಡಿನಲ್ಲಿ ಅತ್ತೆಯ ಎಲ್ಲಮ್ಮ, ವಾರಕ್ಕೊಂದು ಸಲ ನಡುಮನೆಯಲ್ಲಿ ಎಸ್ತೇರಕ್ಕನ ಯೇಸು. ಮೂವರೂ ಜಗಳವಾಡಿದ್ದನ್ನು ನಾನು ನೋಡಲಿಲ್ಲ. ಜಗಳವೆಲ್ಲ ಹೊರಗಿನ ಕಟ್ಟೆಯ ಮೇಲೆ.

ಕತ್ತಿನಲ್ಲಿ ಒಂದು ಗಂಟು ಕಾಣಿಸಿತು. ಮೊದಲು ಹುಣಸೆಬೀಜದಷ್ಟು. ಊರಿನ ಡಾಕ್ಟರರಿಗೆ ತೋರಿಸಿದೆ. ಅವರು ಕುರ್ಚಿಯಿಂದ ಏಳಲಿಲ್ಲ, ಮುಟ್ಟಲೂ ಇಲ್ಲ. "ಏನ್ ಕೆಲಸ?" ಎಂದರು. ಕಂಡಕ್ಟರ್ ಅಂದೆ. "ಅದಕ್ಕಾ. ಒದರಿ ಒದರಿ ಗಂಟಲು ಊದಿರ್ತೈತಿ. ಬಿಸಿನೀರು ಕುಡೀರಿ, ಸ್ವಲ್ಪ ಬಾಯಿ ಕಮ್ಮಿ ಮಾಡ್ರಿ" ಎಂದು ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ಬಿಸಿನೀರು ಕುಡಿದೆ. ಮತ್ತೆ ಹೋದೆ, ಸಿರಪ್ಪು ಬರೆದರು. ಮತ್ತೆ ಹೋದೆ, ಬೇರೆ ಬಣ್ಣದ ಸಿರಪ್ಪು ಬರೆದರು. ಜೋಳದ ಬಿತ್ತನೆಯಲ್ಲಿ ಹುಣಸೆಬೀಜದಷ್ಟಿದ್ದದ್ದು ರಾಶಿಯ ಹೊತ್ತಿಗೆ ಬಟ್ಟಲಡಿಕೆಯಷ್ಟಾಗಿತ್ತು. ಬಾಯಿ ಬಡುಕಿ ಹೆಂಗಸು ಕತ್ತು ತೋರಿಸಲು ಬಂದರೆ ಅವರಿಗೆ ಕಂಡದ್ದು ಬಾಯಿ ಮಾತ್ರ.

ಕಡೆಗೆ ಎಸ್ತೇರಕ್ಕನೇ ಒಂದು ದಿನ ನನ್ನ ಕತ್ತಿನ ಮೇಲೆ ಕೈಯಿಟ್ಟು, ಪ್ರಾರ್ಥನೆಯನ್ನೂ ಮಾಡದೆ, "ನಾಳೆ ದಾವಣಗೆರೆಗೆ ಹೋಗಾಣು" ಅಂದರು.

ಅಲ್ಲಿ ಪರೀಕ್ಷೆಗಳಾದವು. ಮತ್ತೊಂದು ದಿನ ಬರಹೇಳಿದರು. ಉದ್ದ ಬೆಂಚಿನ ಮೇಲೆ ಕತ್ತಿಗೆ ಸೆರಗು ಸುತ್ತಿದ ಹೆಂಗಸರೆಲ್ಲ ಒಬ್ಬರ ಕತ್ತನ್ನು ಒಬ್ಬರು ಕದ್ದು ನೋಡುತ್ತಾ ಕೂತಿದ್ದೆವು. ಬಾಗಿಲಲ್ಲಿ ಫೈಲು ಹಿಡಿದು ನಿಂತವನು ಹೆಸರು ಕೂಗುತ್ತಿದ್ದ. "ಹುಲಿಗೆಮ್ಮ, ಕ್ಯಾನ್ಸರ್, ಥೈರಾಯ್ಡು, ಒಳಗೆ ಬನ್ನಿ." ಬಸ್ಸಿನಲ್ಲಿ ನಾನು "ಹರಪನಹಳ್ಳಿ, ಹಿಂದಿನ ಬಾಗಲಾ" ಎನ್ನುವ ಹಾಗೆಯೇ. ಡಾಕ್ಟರ್ ಹೇಳುವ ಮೊದಲೇ, ನನ್ನ ಮೈಯೊಳಗಿನ ಸುದ್ದಿ ಆ ಬೆಂಚಿಗೆಲ್ಲ ಗೊತ್ತಾಯಿತು. ಎಲ್ಲರೂ ತಿರುಗಿ ನೋಡಿದರು. ನನಗೆ ಅಳು ಬರಲಿಲ್ಲ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಪಕ್ಕದಲ್ಲಿ ಕೂತಿದ್ದ ಹೆಂಗಸು, ಯಾರೋ ಎಲ್ಲಿಯವಳೋ, ಸುಲಿದ ಮೋಸಂಬಿಯ ಅರ್ಧ ನನ್ನ ಕೈಯಲ್ಲಿಟ್ಟಳು. "ತಿಂದು ಹೋಗಬೇ. ಒಳಗ ಹೋಗಿ ಅಳಬೇಕಂದ್ರೂ ಹೊಟ್ಟ್ಯಾಗ ಏನಾರ ಇರಬೇಕು." ಬಾಯಿಗೆ ಹಾಕಿಕೊಂಡು ಒಳಗೆ ಹೋದೆ. ಡಾಕ್ಟರ್ ಮಾತಾಡುವಾಗ ನನ್ನ ಬಾಯಲ್ಲಿ ಆ ಹುಳಿ ಇತ್ತು. ತೆಗೆದರೆ ವಾಸಿಯಾಗುವ ಜಾತಿಯದು, ಹೆದರಬೇಡಿ ಅಂದರು. ದನಿಯ ನರ ಗಡ್ಡೆಗೆ ಅಂಟಿಕೊಂಡಿದ್ದರೆ ಸ್ವಲ್ಪ ಕಾಲ ದನಿ ಹೋಗಬಹುದು, ಎಷ್ಟು ಮರಳುತ್ತದೆಂದು ಈಗಲೇ ಹೇಳಲಾಗದು ಅಂದರು. ಮುಖ ನೋಡಿ ಹೇಳಿದರು. ಅದೊಂದು ಉಪಕಾರ.

ಕೂಡ್ಲಿಗಿಯಲ್ಲಿ ನೌಕರಿಯಲ್ಲಿರುವ ನನ್ನ ತಮ್ಮ ಮಾರೆಪ್ಪ ಸುದ್ದಿ ಕೇಳಿ ಬಂದ. ಬಂದವನು ನನ್ನ ಕತ್ತು ನೋಡಲಿಲ್ಲ, ಮೂಲೆಯಲ್ಲಿ ಕೂತು ಅತ್ತೆಗೆ ಕಾಲೊತ್ತುತ್ತಿದ್ದ ಚಂದ್ರಿಯನ್ನು ನೋಡಿದ.

"ಅಕ್ಕಾ, ಹೇಳ್ತೀನಿ ಅಂತ ಬ್ಯಾಸರ ಮಾಡ್ಕೋಬ್ಯಾಡ. ಇದು ಮನಿಗೆ ಕಾಲಿಟ್ಟಾಗಿಂದ ನಿನಗ ಒಂದಿಲ್ಲ ಒಂದು. ತಾಯಿನ್ನ ತಿಂತು. ವಾಪಸ್ ಕಳಿಸಿಬಿಡು."

"ಏನಂತಾನ ಬೇ ಅವ?" ಎಂದು ಅತ್ತೆ ಕೇಳಿದಳು. ನಾನು ಅವಳ ಕಿವಿಯ ಹತ್ತಿರ ಹೋಗಿ, ಆಗಿನ್ನೂ ನನ್ನ ಬಳಿ ಇದ್ದ ದನಿಯಲ್ಲಿ, ಇಡೀ ಓಣಿಗೆ ಕೇಳುವಂತೆ, ಅವನು ಹೇಳಿದ್ದನ್ನು ಹೇಳಿದೆ.

ಅತ್ತೆ ಅವನ ಕಡೆ ತಿರುಗಿದಳು. "ಮಾರ್ಯಾ, ನಿಮ್ಮವ್ವ ಸತ್ತಾಗ ನಿನ್ನ ಅಕ್ಕಗೂ ಊರಾಗ ಹಿಂಗ ಅಂದಿದ್ರಲೇ. ನಾ ಸಾಕೀನಿ. ನನ್ನ ಏನ್ ತಿಂದ್ಲು? ದಿನಾ ನಾಲ್ಕು ರೊಟ್ಟಿ ತಿಂದ್ಲು. ನೀ ಎದ್ದು ಹೋಗು."

ಅವನು ಹೋದ. ಚಂದ್ರಿ ಕಾಲೊತ್ತುವುದನ್ನು ನಿಲ್ಲಿಸಿರಲಿಲ್ಲ. ಕೇಳಿಸಿಕೊಂಡಿದ್ದಳು, ಅಷ್ಟಂತೂ ನನಗೆ ಕಂಡಿತು. ಆ ಹುಡುಗಿ ತನ್ನ ಬಗ್ಗೆ ದೊಡ್ಡವರಾಡುವ ಮಾತನ್ನು ಒಂದೂ ಬಿಡದೆ ಕೇಳಿಸಿಕೊಳ್ಳುತ್ತಾಳೆ, ಎಲ್ಲವನ್ನೂ ಇಟ್ಟುಕೊಳ್ಳುತ್ತಾಳೆ.

ಆಪರೇಷನ್ ಆಯಿತು. ಎಚ್ಚರವಾದಾಗ ನೀರು ಕೇಳೋಣವೆಂದು ಬಾಯಿ ತೆರೆದೆ. ಬಸ್ಸಿನ ಚಕ್ರಕ್ಕೆ ಮೊಳೆ ಚುಚ್ಚಿದಾಗ ಬರುತ್ತದಲ್ಲ, ಆ ಸದ್ದು ಬಂತು.

ಎಸ್ತೇರಕ್ಕ ನನ್ನ ಜೊತೆ ಆಸ್ಪತ್ರೆಯಲ್ಲಿದ್ದರು. ಅವರ ಗುಂಪಿನ ಇಬ್ಬರು ಹೆಂಗಸರು ಊರಲ್ಲಿ ಅತ್ತೆಯನ್ನೂ ಚಂದ್ರಿಯನ್ನೂ ನೋಡಿಕೊಂಡರು. ಒಬ್ಬರು ಬುತ್ತಿ ಕಟ್ಟಿ ಚಂದ್ರಿಯನ್ನು ಶಾಲೆಗೆ ಕಳಿಸುವರು, ಇನ್ನೊಬ್ಬರು ಅತ್ತೆಗೆ ಸ್ನಾನ ಮಾಡಿಸುವರು. ನನ್ನ ಸ್ವಂತ ತಮ್ಮ ಫೋನಿನಲ್ಲಿ "ಆರಾಮಾಗು" ಎಂದು ಸಂದೇಶ ಕಳಿಸಿದ್ದ, ಕೈಮುಗಿದ ಚಿತ್ರದ ಜೊತೆ. ಎಸ್ತೇರಕ್ಕ ನನ್ನ ಮೈ ಒರೆಸಿದರು, ತಲೆ ಬಾಚಿ ಎರಡು ಜಡೆ ಹಾಕಿದರು, ವಾಂತಿ ಹಿಡಿದರು. ಯಾವ ಋಣದಿಂದ ಹಿಡಿದರೋ ನನಗೆ ಗೊತ್ತಿಲ್ಲ.

ಆದರೆ ನರ್ಸು ಬಂದು, "ನೋವಿದೆಯೇನಮ್ಮಾ?" ಎಂದು ನನ್ನನ್ನು ಕೇಳಿದರೆ, ನಾನು ತುಟಿ ಅಲ್ಲಾಡಿಸುವ ಮೊದಲೇ ಎಸ್ತೇರಕ್ಕ, "ಇಲ್ರಿ ಸಿಸ್ಟರ್, ಕರ್ತನ ಕೃಪೆ, ಆರಾಮ ಅದಾಳ" ಅನ್ನುವರು. ನೋವಿತ್ತು. ಕರ್ತನ ಕೃಪೆಯೂ ಇತ್ತೇನೋ, ನೋವಂತೂ ಇತ್ತು. ಡಾಕ್ಟರ್ ಬಂದು, "ನುಂಗಲು ಆಗುತ್ತಾ?" ಎಂದರೆ, "ಗಂಜಿ ಚೊಲೋ ಕುಡದಾಳ್ರಿ" ಎಂಬ ಉತ್ತರ ತಯಾರು. ನಾನು ಗಂಜಿಯನ್ನು ಲೋಟದೊಳಕ್ಕೇ ಉಗುಳಿದ್ದು ಅವರಿಗೆ ಕಂಡಿರಲಿಲ್ಲ. ನನ್ನೊಳಗೆ ಸಿಟ್ಟು ಹಾಲಿನ ಹಾಗೆ ಉಕ್ಕುತ್ತಿತ್ತು. ಹೊರಗೆ ಚೆಲ್ಲಲು ಬಾಯಿಯಿಲ್ಲ. ಉಪಕಾರ ಮಾಡುವವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟದ ಕೆಲಸ ಎಂದು ಅದನ್ನು ಮಾಡಿದವರಿಗೇ ಗೊತ್ತು. ತಲೆ ಬಾಚುವ ಕೈಯನ್ನು ಕಚ್ಚುವುದು ಹೇಗೆ?

ಮನೆಗೆ ಬಂದೆವು. ದನಿಯಿಲ್ಲದ ಸೊಸೆ, ಕಿವಿಯಿಲ್ಲದ ಅತ್ತೆ. ನಾನು ತುಟಿ ಆಡಿಸುವುದು, ಅವಳು "ಹಾಂ? ಹಾಂ?" ಅನ್ನುವುದು, ಕಡೆಗೆ ಇಬ್ಬರೂ ಕೈ ಚೆಲ್ಲಿ ಕೂರುವುದು. ದಾರಿ ಹುಡುಕಿದವಳು ಚಂದ್ರಿ. ಬಂದ ಮಾರನೇ ದಿನ ಬೆಳಿಗ್ಗೆ ಚೀಲ ಬೆನ್ನಿಗೆ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಳು, ಹೋಗಲೇ ಇಲ್ಲ. ನಾನು ಎದ್ದು ಹೋಗಿ ಬಾಗಿಲನ್ನು ಎರಡು ಸಲ ಬಡಿದೆ. "ರೈಟ್" ಎಂದು ತಾನೇ ಅಂದುಕೊಂಡು ಓಡಿದಳು. ಆಮೇಲೆ ಮನೆಯೆಲ್ಲ ಬಸ್ಸಾಯಿತು. ತಟ್ಟೆಗೆ ಒಂದು ಬಡಿದರೆ ಅನ್ನ ಬೇಡ, ಎರಡು ಬಡಿದರೆ ಹಾಕು. ಮಂಚಕ್ಕೆ ಒಂದು ಬಡಿದರೆ ಓದು ನಿಲ್ಲಿಸು, ಎರಡು ಬಡಿದರೆ ಮುಂದೆ ಓದು. ಅತ್ತೆ ಕೂಡ ಮಂಚದ ನಡುಕದಿಂದ ತಿಳಿದುಕೊಳ್ಳುವುದು ಕಲಿತಳು. ನನ್ನ ಮಾತು ಸರಿಯಾಗಿ ಮುಟ್ಟುತ್ತಿದ್ದುದು ಆ ಮನೆಯಲ್ಲಿ ಮಾತ್ರ.

ಹೀಗಿರುವಾಗ ಸಮಿತಿಯ ಕಡೆಯಿಂದ ಒಬ್ಬ ಮೇಡಂ ಬಂದರು. ಹುಡುಗಿಯನ್ನು ಸಾಕುವವರಿಗೆ ದೊಡ್ಡ ಕಾಯಿಲೆ ಬಂದರೆ ನೋಡಿ ಹೋಗುವುದು ಅವರ ನಿಯಮ, ಅದರಲ್ಲಿ ತಪ್ಪಿಲ್ಲ. ಆವತ್ತು ನನ್ನ ಸ್ಥಿತಿ ಕೆಟ್ಟದಾಗಿತ್ತು. ಆ ಆಪರೇಷನ್ ಆದವರಿಗೆ ಮೈಯಲ್ಲಿ ಸುಣ್ಣದಂಶ ಇಳಿಯುತ್ತದಂತೆ. ಬೆರಳುಗಳು ಜುಮ್ಮೆಂದು ಸೆಟೆದು, ಕೋಳಿಯ ಕಾಲಿನ ಹಾಗೆ ಮುದುಡಿಕೊಂಡಿದ್ದವು. ಪೆನ್ನು ಹಿಡಿಯುವುದಿರಲಿ, ಲೋಟ ಹಿಡಿಯಲು ಆಗುತ್ತಿರಲಿಲ್ಲ. ಎಸ್ತೇರಕ್ಕ ಪಕ್ಕದಲ್ಲಿ ಕೂತು ಕೈ ತಿಕ್ಕುತ್ತಿದ್ದರು.

ಮೇಡಂ ಕೇಳಿದರು. ಜೋರಾಗಿಯೇ ಕೇಳಿದರು, ಅವರೂ. "ನಿಮಗೇ ಹೀಗಾಗಿದೆ, ಮನೆಯಲ್ಲಿ ವಯಸ್ಸಾದವರಿದ್ದಾರೆ. ಮುಂದೆ ಈ ಹುಡುಗೀನ ಏನ್ ಮಾಡ್ತೀರಿ?"

ನಾನು ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿಕೊಂಡು, "ಸಾಕ್ತೀನ್ರಿ" ಅಂದೆ.

ಬಾಯಿಂದ ಹೊರಗೆ ಬಿದ್ದದ್ದು, "ಸಾಕ್... ರಿ."

ನಡುವಿನದು ಗಾಳಿಯಲ್ಲಿ ಹೋಯಿತು. ಮೇಡಂಗೆ ತಿಳಿಯಲಿಲ್ಲ, ಎಸ್ತೇರಕ್ಕನ ಮುಖ ನೋಡಿದರು.

"ಸಾಕ್ರಿ ಅಂತಾಳ್ರಿ," ಎಂದರು ಎಸ್ತೇರಕ್ಕ. "ಪಾಪ, ಭಾಳ ದಣದಾಳ."

ಅಲ್ಲ ಅಲ್ಲ ಎಂದು ನಾನು ಮುದುಡಿದ ಕೈಯನ್ನೇ ಎತ್ತಿ ಅಲ್ಲಾಡಿಸಿದೆ. ಬೇಡ, ಸಾಕು, ಕರೆದುಕೊಂಡು ಹೋಗಿ ಎನ್ನುವವರೂ ಹಾಗೇ ಕೈ ಅಲ್ಲಾಡಿಸುತ್ತಾರೆ. "ಆಯ್ತಮ್ಮ, ಆಯ್ತು, ಆಯಾಸ ಮಾಡ್ಕೋಬೇಡಿ" ಎಂದು ಮೇಡಂ ಎದ್ದರು. ಮುಂದಿನ ವಾರ ಹುಡುಗಿಯನ್ನು ಸಮಿತಿಯ ಮುಂದೆ ಕರೆತರಬೇಕು, ಅಲ್ಲಿಂದ ಮಕ್ಕಳ ಮನೆಗೆ ವ್ಯವಸ್ಥೆ ಮಾಡುತ್ತೇವೆ ಎಂದು ಎಸ್ತೇರಕ್ಕನಿಗೆ ಹೇಳಿದರು. ನನಗಲ್ಲ. ನಾನು ಎದ್ದು ಹಿಂದೆ ಹೋಗಲು ನೋಡಿದೆ, ಕೆಮ್ಮು ಹತ್ತಿ ಹೊಲಿಗೆ ಹಿಡಿದುಕೊಂಡು ಅಲ್ಲೇ ಕುಸಿದೆ. ಅವರ ಗಾಡಿ ಹೊರಟ ಸದ್ದು ಕೇಳಿಸಿತು.

ಅಡುಗೆಮನೆಯ ಬಾಗಿಲಲ್ಲಿ ಚಂದ್ರಿ ನಿಂತಿದ್ದಳು.

ಬೆರಳು ಸಡಿಲವಾದ ಮೇಲೆ ಮೊದಲು ಅವಳ ಸ್ಲೇಟು ಎಳೆದುಕೊಂಡೆ. "ನಾನು ಸಾಕ್ತೀನಿ ಅಂದೆ" ಎಂದು ದೊಡ್ಡದಾಗಿ ಬರೆದು ಎಸ್ತೇರಕ್ಕನ ಮುಖದ ಮುಂದೆ ಹಿಡಿದೆ. ಅವರು ಓದಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಓದಿದರು.

"ನನಗ ಸಾಕ್ರಿ ಅಂದಂಗ ಕೇಳಿಸ್ತಲ್ಲ ಹುಲಿಗೆವ್ವ."

ನಾನು ಪಕ್ಕದಲ್ಲಿದ್ದ ಸ್ಟೀಲಿನ ತಟ್ಟೆಯನ್ನು ಗೋಡೆಗೆ ಬೀಸಿದೆ. ದನಿಯಿಲ್ಲದವಳ ಬೈಗುಳ ಅದು. ಲೋಟ ಬೀಸಿದೆ, ಚೊಂಬು ಬೀಸಿದೆ. ಅತ್ತೆ ಕಾಲಿಗೆ ಬಂದು ತಾಗಿದ ಚೊಂಬನ್ನು ನೋಡಿ, "ಏನಾತು, ಬೆಕ್ಕು ಬಂತಾ?" ಎಂದು ಕೇಳಿದಳು. ಎಸ್ತೇರಕ್ಕ ಬಾಗಿಲ ಕಡೆ ಓಡಲಿಲ್ಲ, ಅಲ್ಲೇ ಕೂತರು. ಮತ್ತೆ ಸ್ಲೇಟು ತೆಗೆದು ಬರೆದೆ. "ನೀವು ಕೇಳಲಿಲ್ಲ. ಎಂದೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ನೋವಿತ್ತು."

ಅವರು ಚೊಂಬನ್ನೂ ಲೋಟವನ್ನೂ ಎತ್ತಿ ಬದಿಗಿಟ್ಟರು. ಆಮೇಲೆ ಹೇಳಿದರು. "ನಿಜ ಹೇಳಲಾ? ನೀ ಸಾಕು ಅಂದ್ರ ಚೊಲೋ ಅಂತ ನನ್ನ ಮನಸಿನ್ಯಾಗ ಇತ್ತು. ನಿನ್ನ ನೋಡಿ ನೋಡಿ ಕರಳು ಕಿತ್ತು ಬರತಿತ್ತು. ಎರಡು ತಿಂಗಳು ಹುಡುಗಿ ಅಲ್ಲಿರ್ಲಿ, ನೀ ಮಲಕ್ಕೋ ಅಂತ. ಅದಕ್ಕ ಹಂಗ ಕೇಳಿಸ್ತು."

ಈ ಮಾತಿಗೆ ನಾನು ಅವರನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಆದರೆ ಅಷ್ಟು ನೆಟ್ಟಗೆ ಹೇಳಿದವರೂ ಬೇರೆ ಯಾರೂ ಇಲ್ಲ. ಊರಿನ ಡಾಕ್ಟರ್ ಹೇಳಿಲ್ಲ. ತಮ್ಮ ಹೇಳಿಲ್ಲ.

ಅತ್ತೆಗೆ ವಿಷಯ ತಿಳಿಸಲು ಎಸ್ತೇರಕ್ಕನೇ ಅವಳ ಕಿವಿಯಲ್ಲಿ ಕೂಗಬೇಕಾಯಿತು, ತಮ್ಮ ತಪ್ಪನ್ನು ತಾವೇ, ಓಣಿಗೆಲ್ಲ ಕೇಳುವ ಹಾಗೆ. ಎಲ್ಲ ಕೇಳಿದ ಅತ್ತೆ, "ಈ ಮನ್ಯಾಗ ಕಿವುಡಿ ನಾನೊಬ್ಬಾಕಿ ಅಂದಕೊಂಡಿದ್ದೆ" ಎಂದಳು.

ಎಸ್ತೇರಕ್ಕ ಮೇಡಂಗೆ ಫೋನು ಮಾಡಿದರು. ತಪ್ಪಾಗಿದೆ ಅಂದರು. ಏನಿದ್ದರೂ ಸಮಿತಿಯ ಮುಂದೆ ಹೇಳಿ ಎಂಬ ಉತ್ತರ ಬಂತು.

ಸಮಿತಿಯದು ನನಗೆ ದೊಡ್ಡ ಚಿಂತೆಯಾಗಿರಲಿಲ್ಲ. ಚಂದ್ರಿಯದಾಗಿತ್ತು. ಮಾರನೇ ದಿನ ಬೆಳಿಗ್ಗೆ ನಾನು ಬಾಗಿಲನ್ನು ಎರಡು ಸಲ ಬಡಿಯುವ ಮುಂಚೆಯೇ ಅವಳು ಹೋಗಿಬಿಟ್ಟಿದ್ದಳು. ಊಟಕ್ಕೆ ಕೂತಾಗ ತಟ್ಟೆಗೆ ಬಡಿದೆ, ನೋಡಲಿಲ್ಲ. ತನ್ನ ಬಟ್ಟೆಗಳನ್ನು ಮಡಿಚಿ, ಬಂದಾಗ ತಂದಿದ್ದ ಹಳೇ ಚೀಲದಲ್ಲಿ ಇಟ್ಟುಕೊಂಡಿದ್ದಳು. ನಾನು ಕೊಡಿಸಿದ್ದ ಫ್ರಾಕುಗಳನ್ನು ಹೊರಗೇ ಬಿಟ್ಟಿದ್ದಳು. ಸ್ಲೇಟಿನ ಮೇಲೆ "ನಿನ್ನನ್ನು ಸಾಕುತ್ತೇನೆ" ಎಂದು ಬರೆದು ಅವಳ ತೊಡೆಯ ಮೇಲಿಟ್ಟೆ. ಓದಿದಳು, ಎರಡನೇ ಕ್ಲಾಸಿನವಳು, ಒಂದೊಂದೇ ಅಕ್ಷರ ಕೂಡಿಸಿ.

"ಬರಿಯೋದು ಬ್ಯಾರೆ ಕಂಡಕ್ಟ್ರವ್ವ," ಎಂದಳು. "ನೀ ಬಾಯಿಲೆ ಅಂದಿದ್ದು ನಾ ಕೇಳೀನಿ."

ಇಡೀ ಜಿಲ್ಲೆಗೆ ಕೇಳುವಂತೆ ಊರಿನ ಹೆಸರು ಕೂಗಿದವಳು ನಾನು. ನನ್ನ ಮನೆಯ ಹುಡುಗಿಗೆ ಒಂದು ಮಾತು ಕೇಳಿಸಲು ಆಗಲಿಲ್ಲ. ಆ ವಾರ ನಾನು ಯಾವ ದೇವರಿಗೂ ಕೈ ಮುಗಿಯಲಿಲ್ಲ. ಬುದ್ಧನಿಗೂ ಇಲ್ಲ, ಎಲ್ಲಮ್ಮನಿಗೂ ಇಲ್ಲ. ಎಸ್ತೇರಕ್ಕ ಬಂದು ಕಣ್ಣು ಮುಚ್ಚಿದರೆ ಎದ್ದು ಹಿತ್ತಲಿಗೆ ಹೋದೆ. ಎರಡನೇ ಸಲ ಬಂದಾಗ ಅವರು ಪ್ರಾರ್ಥನೆ ಮಾಡಲಿಲ್ಲ. ಅತ್ತೆಯ ಉಗುರು ಕತ್ತರಿಸಿ, ಕಸ ಗುಡಿಸಿ, ಸುಮ್ಮನೆ ಹೋದರು. ಸುಮ್ಮನೆ ಇರುವುದು ಅವರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು.

ಸಮಿತಿಯ ಕೋಣೆಯ ಹೊರಗೂ ಬೆಂಚು. ಅಲ್ಲಿಯೂ ಹೆಸರು ಕೂಗುವವನು. ಚಂದ್ರಿ ಹಳೇ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನನಗೂ ಎಸ್ತೇರಕ್ಕನಿಗೂ ನಡುವೆ ಕೂತಿದ್ದಳು, ಇಬ್ಬರಿಗೂ ತಾಗದಂತೆ. ಒಳಗೆ ಕರೆದರು. ಮೇಜಿನ ಆಚೆ ಹಿರಿಯರೊಬ್ಬರು, ಅವರ ಪಕ್ಕದಲ್ಲಿ ನಮ್ಮ ಮನೆಗೆ ಬಂದಿದ್ದ ಮೇಡಂ.

"ಅಮ್ಮಾ, ಹೇಗಿದ್ದೀರಿ?" ಎಂದು ಹಿರಿಯರು ಕೋಣೆ ಮೊಳಗುವಂತೆ ಕೇಳಿದರು. ನಾನು ತುಟಿ ತೆರೆದೆ, ಗಾಳಿ ಬಂತು. ಅವರು ಕೂಡಲೇ ಎಸ್ತೇರಕ್ಕನ ಕಡೆ ತಿರುಗಿದರು. "ನೀವೇ ಹೇಳಿ. ಏನಂತಾರೆ ಇವರು?"

"ನನಗ ಕೇಳಬ್ಯಾಡ್ರಿ ಸಾಹೇಬ್ರ," ಎಂದರು ಎಸ್ತೇರಕ್ಕ. "ಹೋದ ಸಲ ನಾ ಹೇಳೇ ಇಷ್ಟು ದೂರ ಬಂದೀವಿ. ಅವರನ್ನ ಕೇಳ್ರಿ. ಕಿವಿ ಚೊಲೋ ಅದಾವ ಅವರ್ವು, ಮೆಲ್ಲಕ ಕೇಳಿದ್ರೂ ನಡೀತೈತಿ. ನಾ ಬಾಯಿ ಮುಚ್ಕೊಂಡು ಇಲ್ಲೇ ಕುಂದರ್ತೀನಿ."

ನಾನು ಬರೆದು ತಂದಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟೆ. ಸಾಕುತ್ತೇನೆ, ನನ್ನ ಕಾಯಿಲೆ ವಾಸಿಯಾಗುವಂಥದ್ದು ಎಂದು ಡಾಕ್ಟರ್ ಹೇಳಿದ್ದಾರೆ, ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಡುತ್ತಾರೆ, ನಾನಿಲ್ಲದ ಹೊತ್ತಿನಲ್ಲಿ ಎಸ್ತೇರಕ್ಕನವರು ಬರುತ್ತಾರೆ. ಹಿರಿಯರು ನಿಧಾನವಾಗಿ ಓದಿದರು, ಮೇಡಂ ಕಡೆ ತಳ್ಳಿದರು. ಮೇಡಂ ಓದಿ ನನ್ನ ಮುಖ ನೋಡಿದರು. ಆಮೇಲೆ ಹಿರಿಯರು ದನಿ ತಗ್ಗಿಸಿ, ಚಂದ್ರಿಯನ್ನು ಕೇಳಿದರು.

"ನೀನು ಹೇಳು ಮಗೂ. ಇವರ ಹತ್ತಿರ ಇರ್ತೀಯಾ?"

ಚಂದ್ರಿ ನೆಲ ನೋಡಿದಳು. "ಸಾಕು ಅಂದಾರ್ರಿ," ಎಂದಳು.

"ಅವರು ಬರೆದು ಕೊಟ್ಟಿದಾರಲ್ಲ, ಸಾಕ್ತೀನಿ ಅಂತ?"

ಅವಳು ತಲೆ ಎತ್ತಲಿಲ್ಲ. ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ, ಗಾಳಿ ಕೂಡ. ಇಷ್ಟು ದಿನ ಉಕ್ಕಿದ್ದೆಲ್ಲ, ಸಿರಪ್ಪಿನ ಡಾಕ್ಟರು, ಬಾಗಿಲಲ್ಲಿ ಕೂಗಿದವನು, ತಮ್ಮ, ಅಂಗಡಿಯವನು, ನನ್ನ ಪಾಲಿನ ಉತ್ತರ ಕೊಟ್ಟವರು, ಎಲ್ಲ ನನ್ನ ಬಲಗೈಗೆ ಬಂತು. ಆ ಕೈಯಿಂದ ನಾನು ಸಾವಿರ ಬಸ್ಸುಗಳ ಮೈ ಬಡಿದಿದ್ದೇನೆ. ಮೇಜನ್ನು ಬಡಿದೆ. ಧಬ್. ಧಬ್.

ಪೆನ್ನುಗಳು ಹಾರಿಬಿದ್ದವು. "ಏನಮ್ಮಾ ಇದು, ಮೇಜು ಯಾಕೆ ಬಡೀತೀರಿ?" ಎಂದು ಹಿರಿಯರು ಕುರ್ಚಿ ಹಿಂದೆ ಸರಿಸಿದರು. ಎಸ್ತೇರಕ್ಕ ಬಾಯಿ ತೆರೆದವರು, ಕೈ ಅಡ್ಡ ಹಿಡಿದು ಮುಚ್ಚಿಕೊಂಡರು.

ಚಂದ್ರಿ ತಲೆ ಎತ್ತಿದ್ದಳು.

"ರೈಟ್ ಅಂತ್ರಿ," ಎಂದಳು.

"ಏನು ರೈಟು?"

"ಬಸ್ ಹೊರಡ್ಲಿ ಅಂತ್ರಿ."

"ಯಾವ ಬಸ್ಸು?"

"ನಮ್ದು. ಬೊಮ್ಮನಹಳ್ಳಿಗೆ." ಎದ್ದು ನಿಂತು ಚೀಲವನ್ನು ಬೆನ್ನಿಗೆ ಹಾಕಿಕೊಂಡಳು. ಬಾಗಿಲ ಹತ್ತಿರ ಹೋಗಿ ನಿಂತು, ತಡ ಮಾಡುವ ಪ್ರಯಾಣಿಕರನ್ನು ನೋಡುವ ಹಾಗೆ ನಮ್ಮನ್ನು ನೋಡಿದಳು.

ಚಂದ್ರಿ ನಮ್ಮಲ್ಲೇ ಉಳಿದಳು. ಸಮಿತಿಯವರು ಈಗಲೂ ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ದಿನಾ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಮಾತ್ರೆ, ಆಗಾಗ ದಾವಣಗೆರೆಯ ಬೆಂಚು. ನನ್ನ ದನಿ ಅರ್ಧ ಬಂದಿದೆ. ಜರಡಿಯಲ್ಲಿ ಮರಳು ಅಲ್ಲಾಡಿಸಿದ ಹಾಗಿದೆ, ಬಸ್‌ ಸ್ಟ್ಯಾಂಡಿಗೆ ಸಾಲದು. ಡಿಪೋದಲ್ಲಿ ಪಾಸು ಬರೆಯುತ್ತೇನೆ. ಕಿಟಕಿಯ ಆಚೆ ನಿಂತವರು ನನ್ನ ಗೊಗ್ಗರು ದನಿ ಕೇಳಿದೊಡನೆ ಈಗಲೂ ಕೂಗಲು ಶುರುಮಾಡುತ್ತಾರೆ. ಸಿಟ್ಟು ಹೋಗಿಲ್ಲ. ಹೋಗಲಿ ಎಂದು ನಾನು ಕೇಳಿಕೊಂಡೂ ಇಲ್ಲ. ಊರಿನ ಆ ಡಾಕ್ಟರರ ಮುಂದೆ ಒಂದು ದಿನ ಹೋಗಿ ನಿಂತು ಕತ್ತಿನ ಗಾಯ ತೋರಿಸಿ ಬಂದೆ. ಬಿಸಿನೀರು ಕುಡಿದೆ ಎಂದು ಹೇಳಿದೆ. ಅವರು ಆ ಸಲವೂ ಕುರ್ಚಿಯಿಂದ ಏಳಲಿಲ್ಲ.

ಎಸ್ತೇರಕ್ಕ ವಾರಕ್ಕೊಮ್ಮೆ ಬರುತ್ತಾರೆ. ಯಾರಾದರೂ ನನ್ನನ್ನು ಏನಾದರೂ ಕೇಳಿದರೆ ತುಟಿ ಬಿಗಿದುಕೊಂಡು ನನ್ನ ಕಡೆ ನೋಡುತ್ತಾರೆ. ಪ್ರಾರ್ಥನೆಗೆ ಮುಂಚೆ, "ಮಾಡಲಾ?" ಎಂದು ಕೇಳುತ್ತಾರೆ. ಮನಸ್ಸಿದ್ದ ದಿನ ಮಂಚಕ್ಕೆ ಎರಡು ಬಡಿಯುತ್ತೇನೆ. ಇಲ್ಲದ ದಿನ ಒಂದು.

ಚಂದ್ರಿ ಈಗ ಕಂಡಕ್ಟ್ರವ್ವ ಅನ್ನುವುದಿಲ್ಲ. ಊಟಕ್ಕೆ ಕೂತಾಗ ನಾನು ಅನ್ನದ ಸೌಟು ಹಿಡಿದು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿದು, "ಸಾಕವ್ವಾ" ಅನ್ನುತ್ತಾಳೆ. ಬೇಡ ಅಂತಿದ್ದಾಳೋ, ನನ್ನನ್ನು ಕರೀತಿದ್ದಾಳೋ, ಆ ಹುಡುಗಿಯ ಮುಖ ನೋಡಿದರೆ ತಿಳಿಯುವುದಿಲ್ಲ. ನಾನು ಕೇಳುವುದೂ ಇಲ್ಲ. ಕೈ ಸರಿಸಿ ಇನ್ನೊಂದು ಸೌಟು ಹಾಕುತ್ತೇನೆ.